ಮುಳುಗುವ ಗುಡಿ, ಉರಿಯುವ ರವದಿ

ಬೇಸಿಗೆ ಬಂತೆಂದರೆ ನಮ್ಮ ಕಡೆಯವರ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಒಂದು ಗುಡಿ ಎದ್ದು ಬರುತ್ತದೆ. ಹುಕ್ಕೇರಿ ತಾಲ್ಲೂಕಿನ ಹುನ್ನೂರಿನ ವಿಠ್ಠಲನ ಗುಡಿ. ವರ್ಷದ ಬಹುಪಾಲು ಅದು ಹಿಡಕಲ್ ಜಲಾಶಯದ ಹಿನ್ನೀರಿನಲ್ಲೇ ಇರುತ್ತದೆ. ನೀರು ಇಳಿದಾಗ ಮೊದಲು ಮೇಲ್ಭಾಗ, ಆಮೇಲೆ ಕಂಬ, ಕೊನೆಗೆ ಕಟ್ಟೆ. ಒಂದು ಡ್ರೋನ್ ಶಾಟ್, ಹಿನ್ನೆಲೆಗೆ ಒಂದು ಅಭಂಗ, ಮೇಲೆ ‘ಪವಾಡ’ ಅನ್ನೋ ಕ್ಯಾಪ್ಷನ್. ಲೈಕ್ಸ್ ಗ್ಯಾರಂಟಿ.

ಪವಾಡ ಏನೂ ಇಲ್ಲ. ಘಟಪ್ರಭಾ ನದಿಗೆ ಕಟ್ಟಿದ ಈ ಅಣೆಕಟ್ಟಿಗೆ ರಾಜಾ ಲಖಮಗೌಡರ ಹೆಸರಿದೆ, ಸಂಗ್ರಹ ಸಾಮರ್ಥ್ಯ 51 ಟಿಎಂಸಿ. ಮಳೆಗಾಲದಲ್ಲಿ ತುಂಬುತ್ತದೆ, ಆಮೇಲೆ ಕಾಲುವೆಗೆ ಬಿಡುತ್ತ ಬಿಡುತ್ತ ಇಳಿಯುತ್ತದೆ. ಗುಡಿ ಬೇಗ ಕಂಡರೆ ನೀರು ಬೇಗ ಖಾಲಿಯಾಯಿತು ಅಂತ ಅರ್ಥ. ಮಳೆ ತಡವಾದ ವರ್ಷ ಅದು ಹೆಚ್ಚು ದಿನ ಹೊರಗೇ ಇರುತ್ತದೆ. ಆಫೀಸಿನಲ್ಲಿ ನನ್ನ ಅರ್ಧ ದಿನ ಹೋಗುವುದು ಸರ್ವರ್ ಲಾಗ್ ಓದುವುದರಲ್ಲಿ. ಆ ಗುಡಿಯ ಕಂಬಗಳ ಮೇಲೆ ನೀರು ಬಿಟ್ಟು ಹೋದ ಗೆರೆಗಳನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಅದೇ. ಇದೂ ಒಂದು ಲಾಗ್. ನೀವೂ ಫೋಟೊ ಹಾಕುವುದಾದರೆ ಹಾಕಿ, ಆದರೆ ತೆಗೆದ ದಿನಾಂಕ, ಆ ದಿನದ ಜಲಾಶಯದ ಮಟ್ಟ ಎರಡನ್ನೂ ಕೆಳಗೆ ಬರೆಯಿರಿ. ಹತ್ತು ವರ್ಷ ಹೀಗೆ ಮಾಡಿದರೆ ಆ ಫೋಟೊಗಳ ಬೆಲೆಯೇ ಬೇರೆ.

ಕಲೆಯ ಇತಿಹಾಸ ಅಂದರೆ ಬಹಳ ಕಾಲ ನಾವು ತಿಳಿದದ್ದು ಇಷ್ಟೇ: ಯಾವ ರಾಜ, ಯಾವ ಶತಮಾನ, ಯಾವ ಶೈಲಿ. ಈಗ ಕೆಲವರು ಬೇರೆ ಪ್ರಶ್ನೆ ಕೇಳುತ್ತಿದ್ದಾರೆ. ಆಗ ಮಳೆ ಹೇಗಿತ್ತು? ಕಟ್ಟಿಗೆ ಎಲ್ಲಿಂದ ಬಂತು? ಹೊಳೆ ಎಷ್ಟು ದೂರ ಹರಿಯುತ್ತಿತ್ತು? ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಲಿಸುವ ಸುಗತ ರೇ 2019ರಲ್ಲಿ ವ್ರಜಭೂಮಿಯ ಕಲೆಯ ಮೇಲೆ ಒಂದು ಪುಸ್ತಕ ತಂದರು. 1550ರಿಂದ 1850ರವರೆಗಿನ ಮುನ್ನೂರು ವರ್ಷ ಅದರ ವ್ಯಾಪ್ತಿ. ‘ಕಿರು ಹಿಮಯುಗ’ ಅಂತ ಕರೆಯುವ ಕಾಲ ಅದು, ಉತ್ತರ ಭಾರತಕ್ಕೆ ಮೇಲಿಂದ ಮೇಲೆ ಬರ ಬಿದ್ದ ಕಾಲ. ಅದೇ ಹೊತ್ತಿಗೆ ಕೃಷ್ಣಭಕ್ತಿಯ ಚಿತ್ರ, ಗುಡಿ, ಘಟ್ಟಗಳಲ್ಲಿ ಯಮುನೆಯ ನೀರು, ಗಿಡ, ಬೆಟ್ಟಕ್ಕೆ ಇಷ್ಟು ಜಾಗ ಸಿಕ್ಕಿದ್ದು ಬರೀ ಕಾಕತಾಳೀಯ ಅಲ್ಲ ಅನ್ನುವುದು ಅವರ ವಾದ.

ಅದೇ ಕನ್ನಡಕ ಹಾಕಿಕೊಂಡು ಗೋಕಾಕ ಫಾಲ್ಸ್ ನೋಡಿ. ನಮ್ಮ ಮನೆಗಳ ಷೋಕೇಸಿನಲ್ಲಿ ಒಂದಾದರೂ ಫಾಲ್ಸ್ ಫೋಟೊ ಇರುತ್ತದೆ, ಪಕ್ಕದಲ್ಲಿ ಗೋಕಾಕದ ಕಟ್ಟಿಗೆಯ ಬಾಳೆಹಣ್ಣು, ಮಾವಿನಹಣ್ಣು. ಫೋಟೊದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಕೆಂಪು ನೀರು ಧುಮುಕುತ್ತಿರುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಗೊತ್ತು, ಅಲ್ಲಿ ಬರೀ ಬಂಡೆ ಕಾಣುತ್ತದೆ. ಮೇಲೆ ಧುಪದಾಳದಲ್ಲಿ 1897ರಲ್ಲೇ ಒಡ್ಡು ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದರು. ಅದಕ್ಕೂ ಮೊದಲು, 1887ರಲ್ಲಿ, ಇದೇ ನೀರಿನ ಬಲದಿಂದ ಮಿಲ್ಲು ನಡೆಸಿದ್ದರು. ಫಾಲ್ಸಿನ ದಡದ ಚಾಲುಕ್ಯರ ಕಾಲದ ಗುಡಿ ಕಟ್ಟಿದವರು ನೋಡಿದ ಹೊಳೆ, ನಾನು ತೂಗುಸೇತುವೆ ಮೇಲೆ ನಿಂತು ನೋಡುವ ಹೊಳೆ ಒಂದೇ ಅಲ್ಲ. ಆದರೂ ನಾವು ಫ್ರೇಮ್ ಹಾಕಿಸುವುದು ಆಗಸ್ಟ್ ತಿಂಗಳ ಫೋಟೊಕ್ಕೆ ಮಾತ್ರ. ಏಪ್ರಿಲ್ ಫೋಟೊ ಯಾರ ಗೋಡೆ ಮೇಲೂ ನಾನು ನೋಡಿಲ್ಲ.

ಆಗಸ್ಟ್ ಅಂದೆ. 2019ರ ಆಗಸ್ಟ್ ನಮ್ಮ ಕಡೆ ಯಾರೂ ಮರೆತಿಲ್ಲ. ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ಒಟ್ಟಿಗೆ ಏರಿದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಊರೊಳಗೆ ನೀರು ನುಗ್ಗಿತು, ಮೂಡಲಗಿ ಕಡೆಯ ಹೊಳೆದಂಡೆಯ ಹಳ್ಳಿಗಳು ಖಾಲಿಯಾದವು. ಅದೇ ತಿಂಗಳು ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ಹೊಕ್ಕಳು. ಪಟ್ಟದಕಲ್ಲು ವಿಶ್ವ ಪರಂಪರೆಯ ತಾಣ, ಹಾಗಾಗಿ ಸುದ್ದಿಯಾಯಿತು. ನಮ್ಮ ಅತ್ತೆಯ ಮನೆಯ ಟ್ರಂಕಿನಲ್ಲಿ ನೆನೆದ ಮದುವೆ ಆಲ್ಬಮ್ ಸುದ್ದಿಯಾಗಲಿಲ್ಲ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಿತ್ತರೆ ಮುಖಗಳ ಬಣ್ಣವೆಲ್ಲ ಎದುರಿನ ಹಾಳೆಗೆ. ಅತ್ತೆ ಅವನ್ನು ಮಾಳಿಗೆ ಮೇಲೆ ಬಿಸಿಲಿಗೆ ಹರವಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದು ಕಲ್ಲು ಇಟ್ಟಿದ್ದರು. “ಇವ್ರ ಮಾರಿ ಇರೂದು ಇದೊಂದ್ರಾಗ ನೋಡಪಾ” ಅಂದರು. ಮಾವ ತೀರಿಕೊಂಡು ಆಗ ಬಹಳ ವರ್ಷವಾಗಿತ್ತು.

1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ಊರಿಗೆ ಆರ್ನೊ ನದಿ ನುಗ್ಗಿದಾಗ ಚಿಮಾಬುವೆ ಬರೆದ ದೊಡ್ಡ ಶಿಲುಬೆ ಹಾಳಾಯಿತು, ಲಕ್ಷಾಂತರ ಪುಸ್ತಕಗಳು ಕೆಸರಾದವು. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದು ಕೆಸರಿನಿಂದ ಅವನ್ನು ಎತ್ತಿದರು. ಹಸಿ ಕಾಗದ ಹೇಗೆ ಒಣಗಿಸಬೇಕು ಅನ್ನುವ ವಿದ್ಯೆ ಅಲ್ಲಿಂದ ಬಹಳ ಬೆಳೆಯಿತು. ಆ ವಿದ್ಯೆಯ ನಾಲ್ಕು ಸಾಲು ಕನ್ನಡದಲ್ಲಿ, ಒಂದು ವಾಟ್ಸ್ಆ್ಯಪ್ ಫಾರ್ವರ್ಡ್ ಆಗಿಯಾದರೂ, ಅತ್ತೆಗೆ ಆ ವಾರ ಸಿಗಬೇಕಿತ್ತು. ಫೋಟೊ ಅಂಟಿಕೊಂಡಿದ್ದರೆ ಒಣಗಿದ ಮೇಲೆ ಕೀಳಬಾರದು. ತಣ್ಣನೆಯ ಚೊಕ್ಕ ನೀರಿನಲ್ಲಿ ಇಟ್ಟು ಸಾವಕಾಶ ಬಿಡಿಸಬೇಕು. ಒಣಗಿಸುವುದು ನೆರಳಿನಲ್ಲಿ, ಬಿಸಿಲಿನಲ್ಲಿ ಅಲ್ಲ.

ಇನ್ನು ಬೆಂಕಿ. ನೀರಿಗಿಂತ ಬೆಂಕಿಗೆ ಕಲೆಯಲ್ಲಿ ಮರ್ಯಾದೆ ಜಾಸ್ತಿ. 1834ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಸುಟ್ಟಾಗ ಟರ್ನರ್ ಅದನ್ನು ನೋಡಿ ದೊಡ್ಡ ಚಿತ್ರಗಳನ್ನೇ ಬರೆದ, ದಡದಲ್ಲಿ ನಿಂತು ನೋಡುವ ಜನರ ಗುಂಪನ್ನೂ ಸೇರಿಸಿ. ನಮ್ಮಲ್ಲಿ ಧುಪದಾಳದ ಒಡ್ಡು ಎದ್ದ ಅದೇ 1897ರಲ್ಲಿ ಮೈಸೂರಿನ ಕಟ್ಟಿಗೆಯ ಅರಮನೆ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿಯಿತು, ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಟೂರಿಗೆ ಹೋದಾಗ ಆ ಕಂಬಗಳ ಎದುರು ನಾವು ಸೆಲ್ಫಿ ತೆಗೆದುಕೊಳ್ಳುತ್ತೇವಲ್ಲ, ಅವು ಅಲ್ಲಿರುವುದಕ್ಕೆ ಅಂದಚೆಂದದಷ್ಟೇ ಬೆಂಕಿಯ ಹೆದರಿಕೆಯೂ ಕಾರಣ.

ಅದಕ್ಕಿಂತ ಹಳೆಯ ಬೆಂಕಿ ಖಾಂಡವವನದ್ದು. ಕಾಂಬೋಡಿಯಾದ ಬಂತೆಯ್ ಸ್ರೈ ಗುಡಿ ಕ್ರಿ.ಶ. 967ರದ್ದು. ಅಲ್ಲಿನ ಒಂದು ಕೆತ್ತನೆಯಲ್ಲಿ ಮೇಲೆ ಐರಾವತದ ಮೇಲೆ ಇಂದ್ರ, ಸುರಿಯುವ ಮಳೆ, ಆ ಮಳೆಯನ್ನು ತಡೆಯುವ ಬಾಣಗಳ ಸಾಲು, ಕೆಳಗೆ ಕಾಡು, ಪ್ರಾಣಿಗಳು. ಶಾಲೆಯಲ್ಲಿ ನಮಗೆ ಇದನ್ನು ಹೇಳಿಕೊಟ್ಟದ್ದು ಅರ್ಜುನನ ಪರಾಕ್ರಮ ಅಂತ. ಮರಾಠಿಯ ಇರಾವತಿ ಕರ್ವೆ ‘ಯುಗಾಂತ’ದಲ್ಲಿ ಇದನ್ನೇ ತಿರುಗಿಸಿ ನೋಡಿದರು. ಹೊಸ ರಾಜಧಾನಿಗೆ ಜಾಗ ಬೇಕಾಗಿತ್ತು, ಅದಕ್ಕೆ ಕಾಡು ಸುಟ್ಟರು, ಓಡಿಹೋಗುವ ಜೀವಗಳನ್ನೂ ಬಿಡಲಿಲ್ಲ. ಇದನ್ನು ಓದಿದ ಮೇಲೆ ಕೆತ್ತನೆಯ ಫೋಟೊ ನೋಡಿದರೆ ಕಣ್ಣು ಬಾಣದ ಕಡೆ ಹೋಗುವುದಿಲ್ಲ, ಕೆಳಗಿನ ಪ್ರಾಣಿಗಳ ಕಡೆ ಹೋಗುತ್ತದೆ.

ಹೀಗೆ ದೊಡ್ಡ ಬೆಂಕಿಗೆಲ್ಲ ಚಿತ್ರ ಇದೆ, ಶಿಲ್ಪ ಇದೆ. ನಮ್ಮ ಬೆಂಕಿಗೆ ಇಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಬ್ಬಿನ ತಾಲ್ಲೂಕು. ಕಟಾವಿನ ಹಂಗಾಮಿನಲ್ಲಿ ಸಂಜೆ ಬಸ್ಸಿನಲ್ಲಿ ಬಂದರೆ ಎಡಕ್ಕೆ ಬಲಕ್ಕೆ ರವದಿ ಉರಿಯುತ್ತಿರುತ್ತದೆ, ಅಂಗಳದಲ್ಲಿ ಒಣಹಾಕಿದ ಬಟ್ಟೆ ಮೇಲೆ ಕರಿ ಬೂದಿ ಬಂದು ಕೂರುತ್ತದೆ. ಮಣ್ಣಿನ ಜೀವ ಹೋಗುತ್ತದೆ, ಹೊಗೆ ನಮ್ಮ ಪುಪ್ಪುಸಕ್ಕೇ ಬರುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯ. ಹಿಡಕಲ್ ನೀರಿನಲ್ಲೇ ಇಲ್ಲಿ ಬಹಳಷ್ಟು ಕಬ್ಬು ಬೆಳೆಯುವುದು. ಗುಡಿ ಮುಳುಗಿಸಿದ ನೀರು, ಈ ಬೆಂಕಿ ಒಂದೇ ಕತೆಯ ಎರಡು ತುದಿ. ಆದರೆ ಸುಂದರವಾಗಿ ಕಾಣುವ ತುದಿಗೆ ಮಾತ್ರ ಡ್ರೋನ್ ಹಾರುತ್ತದೆ.

ಹೋದ ಹಂಗಾಮಿನಲ್ಲಿ ನಾನೇ ಹೊಲದ ಬದುವಿನ ಮೇಲೆ ನಿಂತು ಫೋನ್ ಹಿಡಿದಿದ್ದೆ. “ಸುಡೂದ್ಯಾಕ್ರಿ ಕಾಕಾ, ಹಂಗ ಹೊದಿಕಿ ಬಿಟ್ರ ಹಸಿ ಉಳಿತೈತಲ್ಲ?” ಅಂದೆ. ಕಾಕಾ ಸಿಟ್ಟಾಗಲಿಲ್ಲ.

“ಉಳಿತೈತಿ ತಮ್ಮಾ, ನನಗೂ ಗೊತ್ತೈತಿ. ಕುಳಿ ಚಿಗುರಬೇಕಂದ್ರ ರವದಿ ಸಾಲಿಗೆ ಎಳೀಬೇಕು. ಎಳಿಯಾಕ ಆಳ ಎಲ್ಲದಾರ? ಪುಡಿ ಮಾಡೂ ಮಷೀನ್ ಬಾಡಿಗಿ ಕೇಳೀ ಏನ? ನೀ ಫೋಟೊ ತಗಿ, ಬ್ಯಾಡನ್ನೂದಿಲ್ಲ. ಅದರ ಕೆಳಗ ಆಳಿನ ಪಗಾರನೂ ಬರಿ.”

ಆ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ. ಕೆಳಗೆ ದಿನಾಂಕ ಬರೆದಿದ್ದೇನೆ, ಅವತ್ತಿನ ಪಗಾರವನ್ನೂ.