ಮಳೆನೀರಿನ ಓಟದ ಕಾಲನಿರ್ಣಯ

ಜಲಾನಯನದ ಅತಿದೂರದ ಅಂಚಿನಿಂದ ಮಳೆನೀರು ಚರಂಡಿಯ ಬಾಯನ್ನು ಸೇರಲು ಹಿಡಿಯುವ ಕಾಲವನ್ನು ಸಂಗ್ರಹಣಕಾಲವೆನ್ನುತ್ತೇವೆ. ಮಳೆ ಅಷ್ಟು ಹೊತ್ತು ಸುರಿದಾಗ ಬಯಲೆಲ್ಲದರ ನೀರು ಅಲ್ಲಿ ಒಟ್ಟಿಗೆ ಕೂಡುತ್ತದೆ. ಆದುದರಿಂದ ಅಷ್ಟು ಅವಧಿಯ ಮಳೆಯ ಬಿರುಸಿನಿಂದಲೇ ಚರಂಡಿಯ ಗಾತ್ರವನ್ನು ನಿಶ್ಚಯಿಸುತ್ತೇವೆ. ಭೌಗೋಳಿಕ ಮಾಹಿತಿ ವ್ಯವಸ್ಥೆಯು ನೆಲದ ಎತ್ತರದ ಅಂಕಿಗಳಿಂದ ನೀರಿನ ದಾರಿಯ ಉದ್ದವನ್ನೂ ಇಳಿಜಾರನ್ನೂ ಕೊಡುತ್ತದೆ. ಕೃಷಿಭೂಮಿಯ ಅಳತೆಗಳಿಂದ ಕಿರ್ಪಿಚ್ ಎಂಬ ವಿದ್ವಾಂಸನು 1940ರಲ್ಲಿ ರಚಿಸಿದ ಸೂತ್ರವು ಇವೆರಡರಿಂದ ಕಾಲವನ್ನು ಗಣಿಸುತ್ತದೆ.

ಶಾಮನೂರು ಒಮ್ಮೆ ಹೊಲಗದ್ದೆಗಳ ಗ್ರಾಮ. ಇಂದು ದಾವಣಗೆರೆ ನಗರದ ಭಾಗ. ಇಂತಹ ಕಡೆ 2000 ಮೀಟರ್ ಉದ್ದದ, 200ಕ್ಕೆ 1ರಂತೆ ಇಳಿಯುವ ದಾರಿಯೊಂದನ್ನು ಉದಾಹರಣೆಗಾಗಿ ಊಹಿಸೋಣ. ಸೂತ್ರದಂತೆ ಕಾಲವು ಸುಮಾರು 52 ನಿಮಿಷ. ನೆಲಕ್ಕೆ ಕಾಂಕ್ರೀಟು ಅಥವಾ ಡಾಂಬರು ಹಾಸಿದ್ದರೆ ಅದನ್ನು 0.4ರಿಂದ ಗುಣಿಸುವುದು ರೂಢಿ. ಆಗ ಉಳಿಯುವುದು ಸುಮಾರು 21 ನಿಮಿಷ. ಇಳಿಜಾರು ಅದೇ, ಕಾಲ ಮಾತ್ರ ಬೇರೆ. ಅಲ್ಪಾವಧಿಯ ಮಳೆ ಹೆಚ್ಚು ಬಿರುಸಾದುದರಿಂದ, ಹಳೆಯ ಲೆಕ್ಕದ ಚರಂಡಿ ಉಕ್ಕಿ ನೀರು ತಗ್ಗಿನ ಮನೆಗಳನ್ನು ಹೊಗುವುದು.

ಇದಲ್ಲದೆ, 30 ಮೀಟರ್ ಚೌಕಗಳ ಎತ್ತರದ ನಕ್ಷೆಯಲ್ಲಿ ರಸ್ತೆಯಡಿಯ ಮೋರಿ ಕಾಣದು. ಆದಕಾರಣ, ಗಣಕವು ಎಳೆದ ರೇಖೆಯನ್ನು ಮಳೆಗಾಲದಲ್ಲಿ ನಡೆದು ನೋಡಿದ ಮೇಲೆಯೇ ಅಂಗೀಕರಿಸಬೇಕೆಂಬುದು ನಮ್ಮ ಅಭಿಪ್ರಾಯ.