ಬೆನ್ನಚೀಲ ಹೊತ್ತು ನಮ್ಮೂರ ಹಾದಿಯಲ್ಲಿ

ನಮ್ಮ ತಂಗಿಯ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮುಗಿಸಿದವನು. ಕಳೆದ ವರ್ಷ ಬೆನ್ನಚೀಲವೊಂದನ್ನು ಹೊತ್ತು ಇಟಲಿ ದೇಶವನ್ನು ಸುತ್ತಿ ಬಂದ. "ಮಾಮ, ಅಲ್ಲಿ ಎಲ್ಲಿ ಕಾಲಿಟ್ಟರೂ ಎರಡು ಸಾವಿರ ವರ್ಷದ ಕಲ್ಲು" ಎಂದು ಊಟದ ಮೇಜಿನಲ್ಲಿ ಬಣ್ಣಿಸುತ್ತಿದ್ದಾಗ, ಬಾರಕೂರನ್ನು ನೋಡಿದ್ದೀಯಾ ಎಂದು ಕೇಳಿದೆವು. ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಸರಿಯಾಗಿ ನೋಡಿರಲಿಲ್ಲ. ಮದುವೆಯ ಪೂಜೆಗೆಂದು ಹೋಗಿ, ಊಟ ಮುಗಿಸಿ ಮರಳಿದ್ದೇ ನಮ್ಮ ಬಾರಕೂರು ದರ್ಶನ.

ಹೀಗೆ ಅತ್ತೂರಿನ ಸಾಂತ್‌ಮಾರಿ ಮುಗಿದ ಬಳಿಕ, ಸಹಾಯಕ ಗುರುಗಳಿಗೆ ಧರ್ಮಕೇಂದ್ರದ ಹೊಣೆ ಒಪ್ಪಿಸಿ, ಮೂರು ದಿನಗಳ ಮಟ್ಟಿಗೆ ನಾವಿಬ್ಬರೂ ಹೊರಟೆವು. ಐವತ್ತು ದಾಟಿದ ಬೆನ್ನಿಗೆ ಆ ಚೀಲ ಒಗ್ಗುವುದು ಸುಲಭವಲ್ಲ ಎಂಬುದು ಮೊದಲ ಬಸ್ಸಿನಲ್ಲೇ ತಿಳಿಯಿತು.

ಬಾರಕೂರು ಅಳುಪರ ರಾಜಧಾನಿಯಾಗಿದ್ದ ಊರು. ವಿಜಯನಗರದ ಕಾಲದಲ್ಲಿ ಒಂದು ರಾಜ್ಯಭಾಗಕ್ಕೇ ಇದರ ಹೆಸರಿತ್ತು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಇದನ್ನು ಫಾಕನೂರ್ ಎಂದು ಕರೆದಿದ್ದಾನೆ. ಇಂದಿಗೂ ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳು ಉಳಿದಿವೆ. ನಗರ ಮಾತ್ರ ಉಳಿದಿಲ್ಲ. ಕತ್ತಲೆ ಬಸದಿಯ ಕಂಬಗಳ ನಡುವೆ ಬಹಳ ಹೊತ್ತು ಕುಳಿತೆವು. ಗರ್ಭಗುಡಿಯಲ್ಲಿ ಬಿಂಬವಿಲ್ಲ, ದೀಪವಿಲ್ಲ. ಪಂಚಲಿಂಗೇಶ್ವರ ದೇವಾಲಯದಲ್ಲಾದರೋ ಪೂಜೆ ನಡೆಯುತ್ತಲೇ ಇದೆ, ಅಂಗಳ ಗುಡಿಸಿದೆ. ಒಂದೇ ಊರಿನ ಕಲ್ಲುಗಳು, ಒಂದೇ ಮಳೆ; ಆದರೂ ಒಂದು ಪಾಳು, ಒಂದು ಮನೆ.

ಹುಡುಗ ರೋಮಿನ ಮಾತೆತ್ತಿದ. ಕೊಲೊಸಿಯಮ್ ಕೆಟ್ಟದ್ದು ಭೂಕಂಪದಿಂದ ಮಾತ್ರವಲ್ಲ. ಜನರೇ ಅದನ್ನು ಕಲ್ಲುಕೋರೆಯಂತೆ ಬಳಸಿ ಅರಮನೆಗಳಿಗೆ, ಸಂತ ಪೇತ್ರರ ದೇವಾಲಯಕ್ಕೂ ಕಲ್ಲು ಒಯ್ದರು. ಕಡೆಗೆ 1749ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಅದನ್ನು ಪವಿತ್ರ ಸ್ಥಳವೆಂದು ಸಾರಿ ಕಲ್ಲು ತೆಗೆಯುವುದನ್ನು ತಡೆದರು. ಪ್ಯಾಂಥಿಯನ್ ಎಂಬ ಹಳೆಯ ಗುಡಿ 609ರಲ್ಲೇ ಇಗರ್ಜಿಯಾದ ಕಾರಣ ಇಡಿಯಾಗಿ ಉಳಿಯಿತು. ಇವೆಲ್ಲ ನಾವು ಗುರುಮಠದಲ್ಲಿ ಓದಿದ ಸಂಗತಿಗಳೇ. ಕತ್ತಲೆ ಬಸದಿಯಲ್ಲಿ ಕೇಳಿದಾಗ ಮಾತ್ರ ಮೈಮೇಲೆ ಬಂದಂತಾಯಿತು. ಕಾರಣವನ್ನು ಮುಂದೆ ಹೇಳುತ್ತೇವೆ.

ಮರುದಿನ ಬೆಳಿಗ್ಗೆ ಕಾಪು. ಎಲ್ಲರೂ ನೋಡುವುದು 1901ರ ದೀಪಸ್ತಂಭವನ್ನು. ಬಂಡೆಯ ಮೇಲೆ ಅದು ಚೆಂದವೇ. ನಮ್ಮ ಮನಸ್ಸು ಮಾತ್ರ 1556ರ ಕಾಪು ತಾಮ್ರಶಾಸನದಲ್ಲಿತ್ತು. ಇಲ್ಲಿನ ಹೆಗ್ಗಡೆಯು ಧರ್ಮನಾಥ ತೀರ್ಥಂಕರರಿಗೆ ಭೂಮಿ ಬಿಟ್ಟ ದಾನಪತ್ರವದು. ಅದರ ಶಾಪವಾಕ್ಯ ವಿಶೇಷವಾದುದು. ಈ ಧರ್ಮವನ್ನು ಕೆಡಿಸಿದವನು ಜೈನನಾದರೆ ಬೆಳುಗುಳದ ಗುಮ್ಮಟನಾಥನನ್ನು ಭಂಗಿಸಿದ ಪಾಪ. ಶೈವನಾದರೆ, ವೈಷ್ಣವನಾದರೆ ಅವರವರ ಪುಣ್ಯಕ್ಷೇತ್ರಗಳನ್ನು ಕೆಡಿಸಿದ ಪಾಪ. ಪಟ್ಟಿಯಲ್ಲಿ ಮೊದಲು ಜೈನನನ್ನೇ ಹೆಸರಿಸಬೇಕೆಂದು ನಮಗೆ ತೋರುತ್ತದೆ: ಕೆಡಿಸುವವನು ಹೊರಗಿನವನೇ ಆಗಬೇಕಿಲ್ಲ ಎಂದು ಬರೆಸಿದವರಿಗೆ ಗೊತ್ತಿತ್ತು. ಕ್ರೈಸ್ತರ ಹೆಸರು ಅಲ್ಲಿಲ್ಲ. ಅಷ್ಟರಿಂದ ನಾವು ಪಾರಾದೆವೆಂದು ತಿಳಿಯಲಾಗದು.

ಮಧ್ಯಾಹ್ನ ಉಡುಪಿ ಮಾರ್ಗವಾಗಿ ಮಣಿಪಾಲಕ್ಕೆ. ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು, 2017ರಲ್ಲಿ ಗತಿಸಿದವರು, ಜನ ಕೆಡಹಲು ಹೊರಟ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಅಲ್ಲಿದೆ. ಕುಂಜೂರು ಚೌಕಿ ಮನೆಯಿದೆ, ಮುಧೋಳದ ಅರಮನೆಯ ಭಾಗವಿದೆ, ಮಂಗಳೂರಿನ ಕ್ರೈಸ್ತರ ಮನೆಯೊಂದೂ ಇದೆ. ಹುಡುಗ ಕಂಬಗಳ ಚಿತ್ರ ತೆಗೆಯುತ್ತಿದ್ದ. ನಾವು ಕೆತ್ತನೆಯ ಮರ ಕಂಡಲ್ಲೆಲ್ಲ ನಿಂತು ಹುಡುಕುತ್ತಿದ್ದೆವು.

ಹುಡುಕುತ್ತಿದ್ದುದು ಒಂದು ಬಲಿಪೀಠವನ್ನು. ಇಪ್ಪತ್ತು ವರ್ಷಗಳ ಹಿಂದೆ, ಹೆಸರು ಹೇಳದ ಒಂದು ಧರ್ಮಕೇಂದ್ರದಲ್ಲಿ ನಾವು ಗುರುಗಳಾಗಿದ್ದಾಗ, ಮುರಕಲ್ಲಿನ ಹಳೆಯ ಇಗರ್ಜಿಯನ್ನು ಕೆಡವಿ ಕಾಂಕ್ರೀಟಿನದನ್ನು ಕಟ್ಟಿಸಿದೆವು. ಜಾಗ ಸಾಲದು ಎಂಬುದು ನಿಜವಾಗಿತ್ತು. ಹಣ ಕೈಯಲ್ಲಿತ್ತು ಎಂಬುದು ಅದಕ್ಕಿಂತ ನಿಜವಾಗಿತ್ತು. ಒಬ್ಬ ವೃದ್ಧರು ಬಂದು, "ಪದ್ರಾಬಾ, ನಮ್ಮ ಅಪ್ಪನನ್ನು ಇದೇ ಬಾಗಿಲಿಂದ ಗೋರಿಗೆ ಒಯ್ದದ್ದು" ಎಂದರು. ನಾವು ತತ್ತ್ವಶಾಸ್ತ್ರ ಓದಿದವರು. ದ್ರವ್ಯ ಬೇರೆ, ರೂಪ ಬೇರೆ; ಸಭೆಯೆಂದರೆ ಕಲ್ಲಲ್ಲ, ಜನ ಎಂದು ವಿವರಿಸಿದೆವು. ಮಾತು ತಪ್ಪಲ್ಲ. ಆದರೆ ಅಂದು ಅದನ್ನು ಆಡಿದ್ದು ಅವರ ಬಾಯಿ ಮುಚ್ಚಿಸಲು. ಪೀಠದ ಮರ ಗುಜರಿಯವನ ಲಾರಿಯಲ್ಲಿ ಹೋಯಿತು. ಮಣಿಪಾಲದಲ್ಲಿ ಅದು ಸಿಗಲಿಲ್ಲ; ಸಿಗಲು ಕಾರಣವೂ ಇರಲಿಲ್ಲ.

ಮೂರನೆಯ ದಿನ ಕಾರ್ಕಳ. ವೀರಪಾಂಡ್ಯ ಭೈರರಸನು 1432ರಲ್ಲಿ ನಿಲ್ಲಿಸಿದ ಸುಮಾರು ನಲವತ್ತೆರಡು ಅಡಿಯ ಗೊಮ್ಮಟನನ್ನು ಇಪ್ಪತ್ತು ಗಾಲಿಗಳ ಬಂಡಿಯಲ್ಲಿ, ಒಂದು ತಿಂಗಳ ಕಾಲ ಎಳೆದು ಗುಡ್ಡಕ್ಕೆ ತಂದರೆಂದು ಚಂದ್ರಮ ಕವಿ ವರ್ಣಿಸಿದ್ದಾನೆ. ಎದುರಿಗೆ 1586ರ ಚತುರ್ಮುಖ ಬಸದಿ; ನಾಲ್ಕು ಬಾಗಿಲು, ಯಾವುದರಿಂದ ಬಂದರೂ ದರ್ಶನ. ಮೆಟ್ಟಿಲ ಮೇಲೆ ಚೀಲವನ್ನು ಹುಡುಗನೇ ಹೊತ್ತ.

ಸಂಜೆ ಅತ್ತೂರು ತಲುಪಿದೆವು. 1759ರಲ್ಲಿ ಸ್ಥಾಪನೆಯಾದ ಈ ಇಗರ್ಜಿ ಟಿಪ್ಪುವಿನ ಕಾಲದಲ್ಲಿ ನಾಶವಾಯಿತು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರ ಬಳಿಕ ಮರಳಿದವರ ಕೈಯಲ್ಲಿ ಏನೂ ಇರಲಿಲ್ಲ. ಹೊಸ ಜಾಗ ಅರಸುತ್ತಾ ಸಂತ ಲಾರೆನ್ಸರ ಮರದ ಪ್ರತಿಮೆಯನ್ನು ಹೊತ್ತು ನಡೆದವರು ದಣಿವಾರಿಸಲು ಒಂದೆಡೆ ಇಳಿಸಿದರಂತೆ. ಪ್ರತಿಮೆ ಮತ್ತೆ ಮೇಲೇಳಲಿಲ್ಲ. ಅಲ್ಲೇ ಕಟ್ಟಿದರು ಎಂಬುದು ಐತಿಹ್ಯ. 2016ರಲ್ಲಿ ಇದು ಕಿರಿಯ ಬೆಸಿಲಿಕವಾಯಿತು. ಆ ಪ್ರತಿಮೆಯ ಮುಂದೆ ನಿಂತಾಗ, ಬೇರೆಯವರು ಕೆಡವಿದ್ದನ್ನು ನಾವು ಪ್ರತಿ ವರ್ಷ ಪ್ರವಚನದಲ್ಲಿ ನೆನೆಯುತ್ತೇವೆ, ನಾವೇ ಕೆಡವಿದ್ದನ್ನು ಯಾವ ಪ್ರವಚನದಲ್ಲೂ ಹೇಳಿಲ್ಲ ಎಂಬುದು ಹೊಳೆಯಿತು.

ಈಗಿನ ನಮ್ಮ ಧರ್ಮಕೇಂದ್ರದಲ್ಲಿ ಗುರುನಿವಾಸ ಹಳೆಯದು. ಗೋಡೆ ಒಂದು ಕಡೆ ಬಿರುಕು ಬಿಟ್ಟಿದೆ, ಮಾಡು ಸೋರುತ್ತದೆ, ಹೊಸ ಕಟ್ಟಡದ ನಕ್ಷೆ ಸಿದ್ಧವಿದೆ, ಕೊಲ್ಲಿಯಲ್ಲಿರುವ ದಾನಿಗಳು ಮಾತು ಕೊಟ್ಟಿದ್ದಾರೆ. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಪಾಲನಾ ಮಂಡಳಿಯ ಸಭೆ. ಮಾಡನ್ನು ದುರಸ್ತಿ ಮಾಡಿದರೆ ಎಷ್ಟು ವೆಚ್ಚ ಎಂದು ಕೇಳೋಣವೆಂದಿದ್ದೇವೆ. ಮಂಡಳಿಯ ಹಿರಿಯರಿಗೆ ಇದು ರುಚಿಸದು, ಅವರನ್ನು ಈ ನಕ್ಷೆಗೆ ಒಪ್ಪಿಸಿದವರೂ ನಾವೇ. ಹುಡುಗ ಇನ್ನೂ ಊರಿಗೆ ಮರಳಿಲ್ಲ. ಅಳತೆ ಟೇಪು ಹಿಡಿದು ಜಗಲಿಯ ಕಂಬಗಳನ್ನು ಕಾಗದದ ಮೇಲೆ ಗುರುತು ಹಾಕುತ್ತಿದ್ದಾನೆ.