ಬೋರ್ಡು ಬದಲಾಯ್ತು, ಗ್ರಂಥಾಲಯ ನಡೆಸೋರಿಗೆ ಕಲಿಸೋರು ಯಾರು?

2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್‌ ರಾಜ್‌ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಪೇಪರ್ ಜೋಡಿಸಿ, ಪುಸ್ತಕದ ಲೆಕ್ಕ ಬರೆಯುತ್ತಿದ್ದ ಮೇಲ್ವಿಚಾರಕರೇ ಈಗ ಕಂಪ್ಯೂಟರ್ ನೋಡಿಕೊಳ್ಳಬೇಕು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಂತೆ ಮಕ್ಕಳನ್ನು ಓದಿಗೆ ಎಳೆಯಬೇಕು.

ಇದು ಒಂದು ದಿನದ ತರಬೇತಿಗೆ ದಕ್ಕುವ ಕೆಲಸವಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಮೇಲ್ವಿಚಾರಕರು ತಿಂಗಳಿಗೊಮ್ಮೆ ತಾಲ್ಲೂಕಿನಲ್ಲಿ ಕೂಡಿ, ಒಬ್ಬರಿಂದೊಬ್ಬರು ಕಲಿಯುವಂತಾಗಬೇಕು ಅನ್ನೋದು ನನ್ನ ವಾದ. ಬಸ್ ಚಾರ್ಜು ಪಂಚಾಯಿತಿ ಕೊಡಲಿ.

ರೊಕ್ಕ ಎಲ್ಲಿ ಅಂತೀರಾ? ಮನೆಪಟ್ಟಿ ಕಟ್ಟಿದ ಪಾವತಿ ತೆಗೆದು ನೋಡಿ. ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಕಟ್ಟೋರು ನಾವೇ. ಮುಂದಿನ ಗ್ರಾಮಸಭೆಯಲ್ಲಿ ಅದರ ಲೆಕ್ಕ ಕೇಳೋಣ.